ಒದ್ದೆಯಾದದ್ದು ಹಾಸಿಗೆ, ತೂತು ಇದ್ದದ್ದು ಬೇರೆಲ್ಲೋ

‘ಎಲ್ಲಾ ಸರಿ ಮಾಡಿದ್ದೀನಿ ಸರ್, ಇನ್ನು ಒಂದು ಹನಿ ನೀರೂ ಒಳಗೆ ಬರಲ್ಲ.’

ಹೀಗೆ ಎದೆ ತಟ್ಟಿಕೊಂಡು ಹೇಳಿದ ಹದಿನೆಂಟನೇ ದಿನಕ್ಕೆ ಗೋವಾದಲ್ಲಿ ಮುಂಗಾರಿಗೆ ಮುಂಚಿನ ಮೊದಲ ದೊಡ್ಡ ಮಳೆ ಬಿತ್ತು. ರಾತ್ರಿಯಿಡೀ ಸುರಿಯಿತು. ಬೆಳಿಗ್ಗೆ ಎಂಟಕ್ಕೆ ನಾನು ಕೆಲಸ ಮಾಡುವ ಬೋಟ್ ಯಾರ್ಡಿಗೆ ಹೋದರೆ, ಕ್ಯಾಪ್ಟನ್ ಸರ್ ಆಗಲೇ ಬಂದು ತಮ್ಮ ಹಾಯಿದೋಣಿಯ ಏಣಿಯ ಬುಡದಲ್ಲಿ ನಿಂತಿದ್ದರು. ಕೈಯಲ್ಲಿ ಒಂದು ಹಳೆಯ ನೋಟ್‌ಬುಕ್. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನೀಲಿ ಶಾಯಿ ಕರಗಿ ಅವರ ಬೆರಳಿಗೆಲ್ಲ ಮೆತ್ತಿತ್ತು. ಹನ್ನೆರಡು ವರ್ಷ ಆ ದೋಣಿಯಲ್ಲಿ ಅವರು ಮಾಡಿದ ಪ್ರಯಾಣಗಳ ದಿನಚರಿ ಅದು. ಮಲಗುವ ಹಲಗೆಯ ಕೆಳಗಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ‘ಒಂದು ಹನಿಯೂ ಬರಲ್ಲ’ ಎಂದು ನಾನು ಹೇಳಿದ್ದನ್ನು ನಂಬಿ ಇಟ್ಟಿದ್ದರು.

ಅವರು ಬೈಯಲಿಲ್ಲ. ‘ನೀನು ತೂತು ನೋಡಿದ್ಯಾ, ಕಲೆ ನೋಡಿದ್ಯಾ?’ ಎಂದು ಹಿಂದಿಯಲ್ಲಿ ಕೇಳಿದರು. ಅಷ್ಟೇ.

ಬೈದಿದ್ದರೆ ಚೆನ್ನಾಗಿರುತ್ತಿತ್ತು ಅಂತ ಈಗಲೂ ಅನಿಸುತ್ತದೆ.

‘ಗೊತ್ತು ಸರ್’ ಎಂಬ ರೋಗ

ನನ್ನೂರು ಗಂಗೊಳ್ಳಿ ಪಕ್ಕ. ಅಪ್ಪಯ್ಯ ಮೀನುಗಾರಿಕೆ ಬೋಟಿನಲ್ಲಿ ದುಡಿದವರು. ಮಗ ಬೋಟು ಹತ್ತಬಾರದು, ಫ್ಯಾನಿನ ಕೆಳಗೆ ಕೂತು ಕೆಲಸ ಮಾಡಬೇಕು ಎಂಬುದು ಅವರ ಆಸೆ. ಹಾಗಾಗಿ ಮೆಕ್ಯಾನಿಕಲ್ ಡಿಪ್ಲೊಮಾ ಸೇರಿದೆ. ಎರಡು ಸಬ್ಜೆಕ್ಟ್ ಬಾಕಿ ಉಳಿಸಿಕೊಂಡು, ಮತ್ತೆ ಕಟ್ಟಿ ಪಾಸಾಗಿ, ಬೆಂಗಳೂರಿನ ಪೀಣ್ಯದಲ್ಲಿ ನಾಲ್ಕು ಜನರ ರೂಮಿಗೆ ಐದನೆಯವನಾಗಿ ಸೇರಿಕೊಂಡು ಎರಡು ವರ್ಷ ಕೆಲಸ ಹುಡುಕಿದೆ.

ಇಂಟರ್‌ವ್ಯೂಗಳಲ್ಲಿ ಏನು ಕೇಳಿದರೂ ನನ್ನದು ಒಂದೇ ಉತ್ತರ. ‘ಆಟೊಕ್ಯಾಡ್ ಬರುತ್ತಾ?’ ‘ಬರುತ್ತೆ ಸರ್.’ ‘ಸಿಎನ್‌ಸಿ?’ ‘ಗೊತ್ತು ಸರ್.’ ಅದರ ಮೇಲಿನ ಎರಡನೇ ಪ್ರಶ್ನೆಗೆ ಬೆವರು. ಸೆಲೆಕ್ಟ್ ಆಗದಿದ್ದಾಗಲೆಲ್ಲ ‘ನನ್ನ ಇಂಗ್ಲಿಷ್ ಸರಿ ಇಲ್ಲ, ಅದಕ್ಕೇ’ ಅಂದುಕೊಂಡೆ. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದೆ. ಆರು ಸಾವಿರ ಹೋಯಿತು, ಕೆಲಸ ಬರಲಿಲ್ಲ.

ಕೊನೆಗೆ ಊರಿನವರೊಬ್ಬರು ಗೋವಾದ ಒಂದು ಸಣ್ಣ ಬೋಟ್ ಯಾರ್ಡಿನಲ್ಲಿ ಹುಡುಗರು ಬೇಕಂತೆ ಅಂದರು. ಮಾಂಡೋವಿ ನದಿಯ ದಡ. ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಅಲ್ಲಿ ಮಾಂಡೋವಿಯಾಗಿ ಸಮುದ್ರ ಸೇರುತ್ತದೆ. ನೌಕಾಪಡೆಯ ‘ಮ್ಹಾದೇಯಿ’, ಮತ್ತೆ ಆರು ಮಹಿಳಾ ಅಧಿಕಾರಿಗಳು 2017-18ರಲ್ಲಿ ಜಗತ್ತು ಸುತ್ತಿ ಬಂದ ‘ತಾರಿಣಿ’, ಈ ಎರಡೂ ಹಾಯಿದೋಣಿಗಳು ತಯಾರಾದದ್ದು ಗೋವಾದಲ್ಲೇ. ನಾನು ಸೇರಿದ್ದು ಅಂಥ ದೊಡ್ಡ ಜಾಗವೇನಲ್ಲ. ಒಂದು ಶೆಡ್ಡು, ಒಂದು ಹಳೆಯ ಕ್ರೇನು, ಏಳೆಂಟು ಜನ. ಮೂರು ತಿಂಗಳು ಪರೀಕ್ಷಾ ಅವಧಿ. ಮಾಲೀಕರು ‘ಫೈಬರ್ ಬೋಟಿನ ಕೆಲಸ ಗೊತ್ತಾ?’ ಎಂದು ಕೇಳಿದರು. ನಾನು ಏನು ಹೇಳಿದೆ ಅಂತ ನಿಮಗೆ ಗೊತ್ತೇ ಇದೆ.

ಟ್ಯೂಬು ಹಿಡಿದ ವೀರ

ಕ್ಯಾಪ್ಟನ್ ಸರ್ ವ್ಯಾಪಾರಿ ಹಡಗುಗಳಲ್ಲಿ ಇದ್ದು ನಿವೃತ್ತರಾದವರು. ಅವರ ದೋಣಿ 31 ಅಡಿ ಉದ್ದದ್ದು, 1978ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಫೈಬರ್ ಗ್ಲಾಸ್ ದೋಣಿ. ನನಗಿಂತ ಎರಡು ಪಟ್ಟು ವಯಸ್ಸಿನದು. ಏಪ್ರಿಲ್ ಕೊನೆಗೆ ಕ್ರೇನಿನಿಂದ ಎತ್ತಿ ದಡದಲ್ಲಿ ಕೂರಿಸಿದ್ದರು. ದೂರು ಒಂದೇ: ಎಡಬದಿಯ ಹಾಸಿಗೆ ಯಾವಾಗಲೂ ಒದ್ದೆ.

ನಾನು ಒಳಗೆ ಇಳಿದು ನೋಡಿದೆ. ಹಾಸಿಗೆಯ ಮೇಲ್ಗಡೆ ಒಂದು ಕಿಟಕಿ. ಕಿಟಕಿಯ ಮೂಲೆಯಿಂದ ಕೆಳಕ್ಕೆ ಚಹಾ ಬಣ್ಣದ ಕಲೆ. ಇದಕ್ಕಿಂತ ಸಾಕ್ಷಿ ಬೇಕೆ? ಸಿಲಿಕೋನ್ ಟ್ಯೂಬು ಗನ್ನಿಗೆ ಹಾಕಿದೆ, ಕಿಟಕಿಯ ಸುತ್ತ ದಪ್ಪಗೆ ಬಳಿದೆ. ಹಾಗೇ ಡೆಕ್ ಮೇಲೆ ಕಂಡ ಕಂಡ ಬೋಲ್ಟು, ಪ್ಲೇಟು, ಕಂಬದ ಬುಡ ಎಲ್ಲದರ ಅಂಚಿಗೂ ಎಳೆದೆ. ಎರಡೇ ದಿನ, ಒಂಬತ್ತು ಟ್ಯೂಬು. ಹೊಳೆಯುವ ಬಿಳಿ ಗೆರೆಗಳು. ಮೊಬೈಲಿನಲ್ಲಿ ಫೋಟೊ ತೆಗೆದು ಅಮ್ಮನಿಗೂ ಕಳಿಸಿದೆ.

ಮಳೆ ಬಿದ್ದ ಆ ದಿನ ಮಾಲೀಕರು ಶೆಡ್ಡಿಗೆ ಕರೆದರು. ‘ಜೂನ್ 15ರೊಳಗೆ ಸರಿಯಾಗಬೇಕು. ಕ್ಯಾಪ್ಟನ್ ಹತ್ತಿರ ಒಂದು ರೂಪಾಯಿ ಕೇಳಲ್ಲ. ಸಾಮಾನಿನ ಅರ್ಧ ದುಡ್ಡು ನಿನ್ನ ಸಂಬಳದಲ್ಲಿ ಹಿಡೀತೀನಿ. ಆಗದಿದ್ದರೆ ಊರಿಗೆ ಹೋಗು’ ಅಂದರು.

ರೂಮಿಗೆ ಬಂದು ಬ್ಯಾಗು ತುಂಬಿದೆ. ಮಡಗಾಂವ್‌ನಿಂದ ಕುಂದಾಪುರಕ್ಕೆ ರೈಲು ಎಷ್ಟು ಹೊತ್ತಿಗೆ ಎಂದು ನೋಡಿದೆ. ಅಷ್ಟರಲ್ಲಿ ಮನೆಯಿಂದ ಫೋನು. ಅಮ್ಮ ಮಾತಾಡಿ ಅಪ್ಪಯ್ಯನ ಕೈಗೆ ಕೊಟ್ಟರು. ನಾನು ಸುಳ್ಳು ಹೇಳುವಷ್ಟು ತ್ರಾಣ ಇಲ್ಲದೆ ಎಲ್ಲವನ್ನೂ ಹೇಳಿಬಿಟ್ಟೆ. ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

‘ಒಳಗ್ ಬಂದ ನೀರು ಉಪ್ಪಾ, ಸಪ್ಪಿಯಾ? ನಾಲ್ಗಿಗ್ ತಾಗ್ಸಿ ಕಂಡ್ಯಾ?’

ನಾನು ಎಲ್ಲಿ ನೋಡಿದ್ದೆ! ಅವರ ಕಾಲದ ಮರದ ಬೋಟಿನಲ್ಲಿ ಹಲಗೆಗಳ ಸಂದಿಗೆ ಹತ್ತಿ ತುರುಕಿ ಎಣ್ಣೆ ಬಳಿಯುತ್ತಿದ್ದರು. ಬೆಳಿಗ್ಗೆ ಎದ್ದರೆ ಮೊದಲು ಒಳಗಿನ ನೀರು ಹೊರಹಾಕುವುದು. ನೀರು ಜಾಸ್ತಿ ಕಂಡ ದಿನ ಒಂದು ಹನಿ ನಾಲಿಗೆಗೆ ಮುಟ್ಟಿಸುವುದು. ಸಪ್ಪೆಯಾದರೆ ಮಳೆ, ಉಪ್ಪಾದರೆ ಸಮುದ್ರ. ಯಾವ ಕಡೆ ಹುಡುಕಬೇಕು ಎಂಬುದು ಅಲ್ಲಿಗೇ ಅರ್ಧ ತೀರ್ಮಾನ.

ಮರುದಿನ ಬ್ಯಾಗು ರೂಮಿನಲ್ಲೇ ಬಿಟ್ಟು ಯಾರ್ಡಿಗೆ ಹೋದೆ. ಹಾಸಿಗೆಯ ಕೆಳಗಿನ ಪೆಟ್ಟಿಗೆಯಲ್ಲಿ ಉಳಿದಿದ್ದ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದೆ. ಉಪ್ಪು! ದೋಣಿ ದಡದ ಮೇಲಿದೆ, ಬಿದ್ದದ್ದು ಮಳೆ, ನೀರು ಮಾತ್ರ ಉಪ್ಪು. ಅಪ್ಪಯ್ಯನಿಗೆ ಫೋನು ಮಾಡಿದರೆ ಅವರಿಗೆ ಆಶ್ಚರ್ಯವೇ ಇಲ್ಲ. ಸಮುದ್ರದಲ್ಲಿ ಓಡುವಾಗಲೂ ಅದೇ ದಾರಿಯಲ್ಲಿ ನೀರು ಬಂದಿದೆ, ಒಣಗಿ ಉಪ್ಪು ಉಳಿದಿದೆ, ಮಳೆ ಅದನ್ನು ತೊಳೆದು ತಂದಿದೆ ಎಂದರು. ಅಂದರೆ ಇದು ನಿನ್ನೆ ಮೊನ್ನೆಯ ಸೋರಿಕೆಯಲ್ಲ, ವರ್ಷಗಳದ್ದು.

ಕೆಳಗಿನಿಂದ ಮೇಲಕ್ಕೆ

ಯಾರ್ಡಿನಲ್ಲಿ ಅಂಕೋಲಾ ಕಡೆಯ ಒಬ್ಬರು ಹಿರಿಯ ಮೇಸ್ತ್ರಿ ಇದ್ದಾರೆ. ಕನ್ನಡದಲ್ಲಿ ಮಾತಾಡಲು ನನಗಿದ್ದ ಒಬ್ಬರೇ. ‘ಮೇಸ್ತ್ರಿ, ಕಲಿಸಿಕೊಡಿ. ನಂಗೆ ಈ ಕೆಲಸ ಗೊತ್ತಿಲ್ಲ’ ಅಂದೆ. ಗೋವಾಕ್ಕೆ ಬಂದ ಮೇಲೆ ‘ಗೊತ್ತಿಲ್ಲ’ ಎಂದದ್ದು ಅದೇ ಮೊದಲು.

ಅವರು ನಕ್ಕರು. ‘ತಮ್ಮಾ, ಮೊದ್ಲು ನೀ ಬಳ್ದದ್ದೆಲ್ಲ ಕೆರ್ದು ತೆಗಿ.’

ಎರಡು ದಿನದಲ್ಲಿ ಬಳಿದದ್ದನ್ನು ಕೆರೆಯಲು ನಾಲ್ಕು ದಿನ ಬೇಕಾಯಿತು. ಸಿಲಿಕೋನಿನ ಗುಣ ಆಗ ತಿಳಿಯಿತು. ಕೆರೆದ ಮೇಲೂ ಕಣ್ಣಿಗೆ ಕಾಣದ ಒಂದು ಪದರ ಉಳಿಯುತ್ತದೆ, ಅದರ ಮೇಲೆ ಪೇಂಟು, ಎಪಾಕ್ಸಿ ಯಾವುದೂ ಸರಿಯಾಗಿ ಹಿಡಿಯುವುದಿಲ್ಲ. ನನ್ನ ಉಗುರಿನ ಸಂದಿಯಲ್ಲಿ ರಕ್ತ ಬಂದರೂ ಮೇಸ್ತ್ರಿ ‘ಇನ್ನೂ ಸ್ವಲ್ಪ’ ಅನ್ನುತ್ತಿದ್ದರು.

ಕೆರೆಯುತ್ತಾ ಕೆರೆಯುತ್ತಾ ಅವರು ದೋಣಿಯನ್ನು ಪಾಠದ ಹಾಗೆ ಹೇಳಿಕೊಟ್ಟರು. ಫೈಬರ್ ದೋಣಿಯ ಹೊಟ್ಟೆ ಸಾಮಾನ್ಯವಾಗಿ ಸೋರುವುದಿಲ್ಲ. ಸೋರುವುದು ಮನುಷ್ಯ ಕೊರೆದ ತೂತುಗಳು. ಕೈಕಂಬಿ ನಿಲ್ಲಿಸುವ ಕಂಬದ ಬುಡ, ಹಗ್ಗ ಕಟ್ಟುವ ಗೂಟ, ಹಾಯಿ ಎಳೆಯುವ ರಾಟೆ, ಕಿಟಕಿ, ಮೇಲ್ಬಾಗಿಲು, ಡೆಕ್ಕು ಮತ್ತು ಹೊಟ್ಟೆ ಸೇರುವ ಜಾಗ. ಒಂದೊಂದು ಬೋಲ್ಟೂ ಒಂದೊಂದು ತೂತು. ನಾನು ಕೂತು ಎಣಿಸಿದೆ, ಆ ಡೆಕ್ ಮೇಲೆ 143 ಇದ್ದವು. 1978ರಲ್ಲಿ ಹಾಕಿದ ಅಂಟು ಆ ಎಲ್ಲ ತೂತುಗಳಲ್ಲೂ ಒಣಗಿ ಬಿರುಕು ಬಿಟ್ಟಿರುತ್ತದೆ.

ಇನ್ನೊಂದು ವಿಷಯ. ಡೆಕ್ಕು ಗಟ್ಟಿ ಫೈಬರ್ ಅಲ್ಲ, ಸ್ಯಾಂಡ್‌ವಿಚ್ ಇದ್ದಂತೆ. ಮೇಲೊಂದು ಫೈಬರ್ ಪದರ, ಕೆಳಗೊಂದು, ನಡುವೆ ಬಾಲ್ಸಾ ಎಂಬ ಹಗುರವಾದ ಮರದ ತುಂಡುಗಳು. ಬೋಲ್ಟಿನ ಪಕ್ಕದಿಂದ ಇಳಿದ ನೀರು ಮೊದಲು ಈ ಮರಕ್ಕೆ ಸೇರುತ್ತದೆ. ಮೇಸ್ತ್ರಿ ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಡೆಕ್ಕನ್ನು ತಟ್ಟುತ್ತಾ ಹೋದರು. ಟಕ್, ಟಕ್, ಟಕ್. ಒಂದು ಕಂಬದ ಬುಡಕ್ಕೆ ಬಂದಾಗ ದಬ್, ದಬ್. ಹಲಸಿನಹಣ್ಣು ತಟ್ಟಿ ನೋಡಿದ ಹಾಗೆ. ಅಲ್ಲಿ ಮರ ಕೊಳೆತಿದೆ ಎಂದರ್ಥ.

ಆಮೇಲೆ ನಿಜವಾದ ಹುಡುಕಾಟ. ಒಳಗಿನ ಚಾವಣಿಯ ಹೊದಿಕೆಯನ್ನು ಬಿಚ್ಚಿದೆವು. ಪ್ರತಿ ಬೋಲ್ಟಿನ ಕೆಳಗೂ ಟಿಶ್ಯೂ ಪೇಪರಿನ ತುಂಡು ಅಂಟಿಸಿದೆವು. ಒಂದು ಹನಿ ಬಿದ್ದರೂ ಅದು ಬಣ್ಣ ಬದಲಿಸುತ್ತದೆ. ನಾನು ಟಾರ್ಚು ಹಿಡಿದು ಒಳಗೆ, ಮೇಸ್ತ್ರಿ ನೀರಿನ ಪೈಪು ಹಿಡಿದು ಹೊರಗೆ. ರಭಸವಾಗಿ ಬಿಡುವಂತಿಲ್ಲ, ಮಳೆಯ ಹಾಗೆ ಮೆತ್ತಗೆ ಹರಿಯಬೇಕು.

ನಾನು ಮೇಲಿನಿಂದ ಶುರು ಮಾಡೋಣ ಅಂದೆ. ಅವರು ಬೇಡ ಅಂದರು. ಮೇಲೆ ಸುರಿದ ನೀರು ಕೆಳಗಿನ ಎಲ್ಲದರ ಮೇಲೂ ಹರಿಯುತ್ತದೆ, ಆಗ ಒಳಗೆ ಹನಿ ಕಂಡರೂ ಯಾವುದರಿಂದ ಬಂತು ಎಂದು ಹೇಳಲಾಗುವುದಿಲ್ಲ. ಅದಕ್ಕೇ ಅತಿ ಕೆಳಗಿನ ಜಾಗದಿಂದ ಶುರು. ಒಂದೊಂದಕ್ಕೆ ಹತ್ತು ನಿಮಿಷ. ಅದು ಒಣಗಿದ್ದರೆ ಮಾತ್ರ ಮುಂದಿನದ್ದಕ್ಕೆ.

ಡೆಕ್ಕಿನ ಅಂಚು: ಒಣಗಿದೆ. ಮೊದಲ ಕಂಬ: ಒಣಗಿದೆ. ಎರಡನೇ ಕಂಬ, ದಬ್ ಎಂದದ್ದು: ಮೂರನೇ ನಿಮಿಷಕ್ಕೆ ಟಿಶ್ಯೂ ಒದ್ದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು.

ಆಮೇಲೆ ಕಿಟಕಿ. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಹತ್ತು ನಿಮಿಷ. ಇನ್ನೂ ಹತ್ತು ನಿಮಿಷ. ಒಂದು ಹನಿಯೂ ಇಲ್ಲ!

ನಾನು ಮೂರು ಟ್ಯೂಬು ಖರ್ಚು ಮಾಡಿದ ಕಿಟಕಿ ಯಾವತ್ತೂ ಸೋರಿಯೇ ಇರಲಿಲ್ಲ.

ಮುಂದಿನದು ಚೈನ್‌ಪ್ಲೇಟ್. ಹಾಯಿದೋಣಿ ನೋಡದವರಿಗೆ ಹೇಳಬೇಕೆಂದರೆ, ನಡುವಿನ ಎತ್ತರದ ಕೂವೆಯನ್ನು ಎರಡೂ ಬದಿಯಿಂದ ಉಕ್ಕಿನ ತಂತಿಗಳು ಬಿಗಿದು ಹಿಡಿದಿರುತ್ತವೆ. ಆ ತಂತಿಗಳ ತುದಿ ಡೆಕ್ಕಿನ ಮೂಲಕ ಒಳಗಿಳಿಯುವ ಒಂದು ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಗೆ ಸೇರಿರುತ್ತದೆ. ಅದೇ ಚೈನ್‌ಪ್ಲೇಟ್. ಗಾಳಿ ತುಂಬಿದಾಗಲೆಲ್ಲ ಅದು ಕೂದಲೆಳೆಯಷ್ಟು ಅಲುಗುತ್ತದೆ, ಅದರ ಸುತ್ತಲಿನ ಅಂಟು ಬೇಗ ಬಿಡುತ್ತದೆ.

ಆರನೇ ನಿಮಿಷಕ್ಕೆ ಪಟ್ಟಿಯ ಹಿಂಬದಿಯಲ್ಲಿ ಒಂದು ಹನಿ ಮಿನುಗಿತು. ಅದು ಕೆಳಕ್ಕೆ ಬೀಳಲಿಲ್ಲ. ಚಾವಣಿಗೆ ಅಂಟಿಕೊಂಡೇ ಜಾರುತ್ತಾ, ಒಂದು ವೈರನ್ನು ಹಿಡಿದು, ಸುಮಾರು ಒಂದೂವರೆ ಮೀಟರ್ ಪ್ರಯಾಣ ಮಾಡಿ, ಕಿಟಕಿಯ ಮೂಲೆಗೆ ಬಂದು ನಿಂತು, ಅಲ್ಲಿಂದ ಹಾಸಿಗೆಯ ಮೇಲೆ ಬಿತ್ತು. ಟಪ್.

‘ಬಂತು ಮೇಸ್ತ್ರಿ!’ ಎಂದು ಕೂಗಿದೆ. ಇಂಟರ್‌ವ್ಯೂ ಪಾಸಾಗಿದ್ದರೂ ನಾನು ಅಷ್ಟು ಜೋರಾಗಿ ಕೂಗುತ್ತಿರಲಿಲ್ಲವೇನೋ.

ಪೈಪಿಗೆ ಸಿಗದ ತೂತುಗಳಿಗೆ ಇನ್ನೊಂದು ಉಪಾಯವಿತ್ತು. ಬಾಗಿಲು, ಗಾಳಿಕಿಂಡಿಗಳನ್ನೆಲ್ಲ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಬ್ಲೋವರ್‌ನಿಂದ ಒಳಗೆ ಗಾಳಿ ತುಂಬುವುದು. ಹೊರಗಿನಿಂದ ಸೋಪಿನ ನೀರನ್ನು ಬ್ರಷ್‌ನಲ್ಲಿ ಬಳಿಯುತ್ತಾ ಹೋಗುವುದು. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿಗೆ ಅದ್ದಿ ನೋಡುವ ಲೆಕ್ಕವೇ. ಮುಂಭಾಗದ ಹಗ್ಗದ ಗೂಟದ ಬುಡದಲ್ಲಿ ಪುಟ್ಟ ಪುಟ್ಟ ಗುಳ್ಳೆಗಳು ಎದ್ದವು. ಇನ್ನೊಂದು ಗುರುತು. ಎರಡು ದಿನದ ಕೊನೆಗೆ 143ರಲ್ಲಿ ಹನ್ನೊಂದು ತೂತು ಸಿಕ್ಕಿದ್ದವು.

ಕೆಂಪು ಗೆರೆ

ಚೈನ್‌ಪ್ಲೇಟನ್ನು ಬಿಚ್ಚಿ ಹೊರತೆಗೆದಾಗ ನಾವಿಬ್ಬರೂ ಮಾತಾಡಲಿಲ್ಲ. ಡೆಕ್ಕಿನ ಮೇಲೆ ಕಾಣುವ ಭಾಗ ಕನ್ನಡಿಯಂತೆ ಹೊಳೆಯುತ್ತಿತ್ತು. ಒಳಗಿನ ಭಾಗವೂ ಪರವಾಗಿಲ್ಲ. ಡೆಕ್ಕಿನ ದಪ್ಪದೊಳಗೆ ಹುದುಗಿದ್ದ ಒಂದೂವರೆ ಇಂಚು ಮಾತ್ರ ಕಂದು ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಸಣ್ಣ ಗುಳಿಗಳಾಗಿದ್ದವು.

ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯಲ್ಲ ಎಂದು ನಾವು ನಂಬಿದ್ದೇವಲ್ಲ, ಅದು ಅರ್ಧ ಸತ್ಯ. ಅದರ ಮೇಲೆ ಕ್ರೋಮಿಯಂ ಆಕ್ಸೈಡಿನ ತೆಳುವಾದ ಪದರ ಇರುತ್ತದೆ, ಅದೇ ಕಾಪಾಡುವುದು. ಆ ಪದರ ಗೀಚಿಹೋದರೆ ಮತ್ತೆ ಹುಟ್ಟಲು ಆಮ್ಲಜನಕ ಬೇಕು. ಗಾಳಿಯಾಡದ ಸಂದಿಯಲ್ಲಿ ಉಪ್ಪುನೀರು ನಿಂತರೆ ಪದರ ಹೋಗುತ್ತದೆ, ಹೊಸದು ಬರುವುದಿಲ್ಲ. ಲೋಹ ಒಳಗೊಳಗೇ ಸವೆಯುತ್ತದೆ. ಡಿಪ್ಲೊಮಾದಲ್ಲಿ ‘ಕ್ರೆವಿಸ್ ಕರೋಷನ್’ ಎಂದು ಐದು ಅಂಕಕ್ಕೆ ಉರು ಹೊಡೆದದ್ದು, ಕೈಯಲ್ಲಿ ಹಿಡಿದು ನೋಡಿದ್ದು ಅವತ್ತು.

ನನಗೆ ಇನ್ನೊಂದು ಪಾಠವೂ ನೆನಪಾಯಿತು. ಲ್ಯಾಬಿನಲ್ಲಿ ಡೈ ಪೆನೆಟ್ರೆಂಟ್ ಟೆಸ್ಟ್ ಮಾಡಿದ್ದೆವು. ‘ಮೇಸ್ತ್ರಿ, ಒಂದು ಟೆಸ್ಟ್ ಇದೆ, ಮಾಡಲಾ?’ ಎಂದು ಕೇಳಿ, ವಾಸ್ಕೋದಿಂದ ಮೂರು ಸ್ಪ್ರೇ ಡಬ್ಬಿ ತಂದೆ. ಪಟ್ಟಿಯನ್ನು ಚೆನ್ನಾಗಿ ತೊಳೆದು ಒಣಗಿಸಿ, ಕೆಂಪು ಬಣ್ಣ ಹೊಡೆದು ಸ್ವಲ್ಪ ಹೊತ್ತು ಬಿಟ್ಟೆ. ಬಿರುಕು ಇದ್ದರೆ ಬಣ್ಣ ಅದರೊಳಗೆ ಇಳಿಯುತ್ತದೆ. ಆಮೇಲೆ ಮೇಲಿನದ್ದನ್ನು ಒರೆಸಿ, ಬಿಳಿ ಡೆವಲಪರ್ ಹೊಡೆದೆ.

ಕೆಲವು ನಿಮಿಷದಲ್ಲಿ ಬಿಳಿಯ ಮೇಲೆ ಕೆಂಪು ಗೆರೆಯೊಂದು ನಿಧಾನವಾಗಿ ಮೂಡಿತು. ಪಟ್ಟಿಯ ಅಗಲದ ಅರ್ಧಕ್ಕಿಂತ ಹೆಚ್ಚು.

ಕ್ಯಾಪ್ಟನ್ ಸರ್‌ಗೆ ಫೋನು ಮಾಡಿದೆವು. ಅವರು ಬಂದು ಆ ಗೆರೆಯನ್ನು ತುಂಬಾ ಹೊತ್ತು ನೋಡಿದರು. ಡಿಸೆಂಬರಿನಲ್ಲಿ ಅವರ ಮೊಮ್ಮಗಳು ಬರುವವಳಿದ್ದಳು, ಹತ್ತು ವರ್ಷದ ಹುಡುಗಿ. ಅವಳನ್ನು ಮೊದಲ ಸಲ ಸಮುದ್ರಕ್ಕೆ ಕರೆದೊಯ್ಯುವ ಯೋಚನೆ ಅವರದ್ದು. ಜೋರು ಗಾಳಿಯಲ್ಲಿ ಆ ಪಟ್ಟಿ ತುಂಡಾಗಿದ್ದರೆ ಇಡೀ ಕೂವೆ ಉರುಳುತ್ತಿತ್ತು. ಅದರ ಕೆಳಗೆ ಯಾರು ಕೂತಿರುತ್ತಿದ್ದರು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ನನಗೆ ಸುಮ್ಮನಿರಲಾಗಲಿಲ್ಲ. ‘ಸರ್, ನಾನು ಹಾಕಿದ ಸಿಲಿಕೋನ್ ಇದರ ಬಾಯಿ ಮುಚ್ಚಿಬಿಟ್ಟಿತ್ತು. ಅವತ್ತು ಮಳೆ ಒಳಗೆ ಬರದೇ ಹೋಗಿದ್ದರೆ ನಾವು ಇದನ್ನು ಬಿಚ್ಚುತ್ತಲೇ ಇರಲಿಲ್ಲ. ನಾನು ಇಂಟರ್‌ವ್ಯೂನಲ್ಲೂ ಕೆಲಸ ಗೊತ್ತು ಅಂತ ಸುಳ್ಳು ಹೇಳಿದ್ದೆ’ ಅಂದೆ. ಮಾಲೀಕರೂ ಅಲ್ಲೇ ನಿಂತಿದ್ದರು.

ಕ್ಯಾಪ್ಟನ್ ಸರ್ ಕೇಳಿದ್ದು ಒಂದೇ: ‘ಉಳಿದ ಐದನ್ನೂ ಟೆಸ್ಟ್ ಮಾಡ್ತೀಯಾ?’

ಮಾಡಿದೆ. ಇನ್ನೊಂದರಲ್ಲಿ ಬಿರುಕು ಸಿಕ್ಕಿತು. ಆರನ್ನೂ ಬದಲಾಯಿಸಿದೆವು. 316 ದರ್ಜೆಯ ಸ್ಟೀಲಿನಲ್ಲಿ ಹೊಸದು ಮಾಡಿಸಿದ್ದು.

ಮುಚ್ಚುವುದಲ್ಲ, ಬಿಚ್ಚುವುದು

ದುರಸ್ತಿ ಹೇಗೆ ಎಂದು ಮನೆಯಲ್ಲಿ ಸೋರುವ ಸಂದಿಗೆ ಸಿಮೆಂಟು ಬಳಿದು ಸುಸ್ತಾದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ.

ಸೋರುವ ಬೋಲ್ಟನ್ನು ಹೊರಗಿನಿಂದ ಬಳಿದು ನಿಲ್ಲಿಸಲು ಆಗುವುದಿಲ್ಲ. ಬಿಚ್ಚಲೇಬೇಕು. ಬಿಚ್ಚಿದ ಮೇಲೆ ತೂತನ್ನು ಇನ್ನೂ ದೊಡ್ಡದು ಮಾಡಬೇಕು! ಒಂದು ಮೊಳೆಯ ತುದಿ ಬಗ್ಗಿಸಿ ಡ್ರಿಲ್ಲಿಗೆ ಹಾಕಿ ತಿರುಗಿಸಿದರೆ ಎರಡು ಪದರಗಳ ನಡುವಿನ ಕೊಳೆತ ಮರ ಪುಡಿಯಾಗಿ ಬರುತ್ತದೆ. ನಮ್ಮದರಲ್ಲಿ ಸೋಸಿ ಉಳಿದ ಕಾಫಿಪುಡಿಯ ಹಾಗೆ ಕಪ್ಪಗೆ, ಒದ್ದೆಯಾಗಿ ಬಂತು. ದಬ್ ಎಂದ ಕಂಬದ ಹತ್ತಿರ ಊಟದ ತಟ್ಟೆಯಷ್ಟು ಜಾಗದ ಮೇಲ್ಪದರವನ್ನೇ ಕತ್ತರಿಸಿ, ಹೊಸ ಮರ ಕೂರಿಸಬೇಕಾಯಿತು. ಮೇಲೆ ಟಾರ್ಪಾಲಿನ ಡೇರೆ, ಒಳಗೆ ಬಲ್ಬು ಉರಿಸಿ ಒಣಗಿಸಿದ್ದೇ ಐದು ದಿನ.

ಒಣಗಿದ ತೂತಿಗೆ ಕೆಳಗಿನಿಂದ ಟೇಪು ಹಚ್ಚಿ, ಮೊದಲು ತೆಳು ಎಪಾಕ್ಸಿ, ಆಮೇಲೆ ಸಿಲಿಕಾ ಪುಡಿ ಕಲಸಿದ ದಪ್ಪ ಎಪಾಕ್ಸಿ ತುಂಬಬೇಕು. ಅದು ಕಲ್ಲಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಯ ಹೊಸ ತೂತು. ಈಗ ಬೋಲ್ಟಿನ ಸುತ್ತ ಇರುವುದು ಮರವಲ್ಲ, ಎಪಾಕ್ಸಿಯ ಗೋಡೆ. ನಾಳೆ ಅಂಟು ಬಿಟ್ಟು ನೀರು ಬಂದರೂ ಮರಕ್ಕೆ ತಾಗುವುದಿಲ್ಲ.

ಕೊನೆಗೆ ಬ್ಯುಟೈಲ್ ಟೇಪು. ಚ್ಯೂಯಿಂಗ್ ಗಮ್ಮಿನ ಹಾಗೆ ಮೆತ್ತಗಿರುವ ರಬ್ಬರು, ವರ್ಷಗಟ್ಟಲೆ ಗಟ್ಟಿಯಾಗದೆ ಹಿಗ್ಗಿ ಕುಗ್ಗುತ್ತಿರುತ್ತದೆ. ತೂತಿನ ಬಾಯಿಯನ್ನು ಸ್ವಲ್ಪ ಅಗಲಿಸಿ, ಬೋಲ್ಟಿನ ತಲೆಯ ಕೆಳಗೆ ಟೇಪನ್ನು ಸುತ್ತಿ ಇಳಿಸಬೇಕು. ಬಿಗಿಯುವಾಗ ಬೋಲ್ಟು ತಿರುಗಬಾರದು, ಕೆಳಗಿನ ನಟ್ಟು ಮಾತ್ರ. ಬೋಲ್ಟು ತಿರುಗಿದರೆ ಕೂತಿದ್ದ ಟೇಪು ಕಿತ್ತುಬರುತ್ತದೆ. ಒಂದೇ ಸಲ ಬಿಗಿಯುವಂತೆಯೂ ಇಲ್ಲ. ಇವತ್ತು ಸ್ವಲ್ಪ, ನಾಳೆ ಸ್ವಲ್ಪ, ನಾಡಿದ್ದು ಇನ್ನೂ ಸ್ವಲ್ಪ. ಅಂಚಿನಿಂದ ಹೊರಗೆ ಉಕ್ಕಿದ್ದನ್ನು ಕತ್ತರಿಸಿ ತೆಗೆಯುವುದು.

ನಾನು ಅವಸರ ಮಾಡಿದಾಗ ಮೇಸ್ತ್ರಿ ಹೇಳುತ್ತಿದ್ದರು: ‘ನೀರಿಗೆ ಅವಸರ ಇಲ್ಲ ತಮ್ಮಾ. ನಲ್ವತ್ತು ವರ್ಷ ಕಾದದೆ. ನೀ ಮೂರು ದಿನ ಕಾಯು.’

ಜೂನ್ 15ಕ್ಕೆ ಹನ್ನೊಂದೂ ಮುಗಿದಿರಲಿಲ್ಲ. ಎಂಟು ಮುಗಿದಿತ್ತು. ಮಾಲೀಕರಿಗೆ ‘ಎಂಟು ಆಗಿದೆ, ಮೂರು ಬಾಕಿ. ಬಾಕಿ ಇರುವುದರಲ್ಲಿ ಇಂಥಿಂಥ ಕಡೆ ನೀರು ಬರುತ್ತದೆ’ ಎಂದು ಬರೆದುಕೊಟ್ಟೆ. ಅವರು ಓದಿ ಚೀಟಿಯನ್ನು ಜೇಬಿಗೆ ಹಾಕಿಕೊಂಡರು. ಊರಿಗೆ ಹೋಗು ಅನ್ನಲಿಲ್ಲ. ಸಂಬಳದಲ್ಲಿ ಹಿಡಿಯುವುದನ್ನು ಮಾತ್ರ ಮರೆಯಲಿಲ್ಲ!

ನಿಮಿಷಕ್ಕೆ 140 ಲೀಟರ್

ಮಳೆಗಾಲ ಮುಗಿದು ದೋಣಿಯನ್ನು ನೀರಿಗಿಳಿಸುವ ಮುಂಚೆ ಮೇಸ್ತ್ರಿ ನನ್ನನ್ನು ಹೊಟ್ಟೆಯ ಕೆಳಗೆ ಕರೆದೊಯ್ದರು. ಎಂಜಿನ್ ತಣಿಸುವ ನೀರು, ಸಿಂಕಿನ ನೀರು ಹೋಗಿಬರಲು ನೀರಿನ ಮಟ್ಟದ ಕೆಳಗೆ ಬೇಕೆಂದೇ ಮಾಡಿದ ತೂತುಗಳಿರುತ್ತವೆ. ಒಳಗಡೆ ಅವಕ್ಕೆ ಸೀಕಾಕ್ ಎಂಬ ಕವಾಟ. ಡೆಕ್ಕಿನ ಸೋರಿಕೆ ದೋಣಿಯನ್ನು ಕೊಳೆಸುತ್ತದೆ, ಇವು ಮುಳುಗಿಸುತ್ತವೆ.

ಹೈಡ್ರಾಲಿಕ್ಸ್ ನಾನು ಫೇಲಾದ ಎರಡು ಸಬ್ಜೆಕ್ಟುಗಳಲ್ಲಿ ಒಂದು. ಅವತ್ತು ಊಟದ ಬಿಡುವಿನಲ್ಲಿ ಕೂತು ಲೆಕ್ಕ ಹಾಕಿದೆ. ಒಂದೂವರೆ ಇಂಚಿನ ತೂತು, ನೀರಿನ ಮಟ್ಟಕ್ಕಿಂತ 60 ಸೆಂಟಿಮೀಟರ್ ಕೆಳಗೆ. ಎರಡು ಜಿ ಎಚ್‌ನ ವರ್ಗಮೂಲ, ಅದಕ್ಕೆ ತೂತಿನ ವಿಸ್ತೀರ್ಣ, ಅದಕ್ಕೆ 0.6ರ ಗುಣಾಂಕ. ನಿಮಿಷಕ್ಕೆ ಸುಮಾರು 140 ಲೀಟರ್ ಬಂತು. ಅಂದರೆ ಒಂದು ಪೈಪು ಕಳಚಿದರೆ ಎರಡು ನಿಮಿಷದಲ್ಲಿ ಮನೆಯ ದೊಡ್ಡ ಡ್ರಮ್ಮು ತುಂಬಿ ಹರಿಯುವಷ್ಟು. ಒಂದು ಹಿತ್ತಾಳೆ ಜೋಡಣೆಯನ್ನು ಕೆರೆದಾಗ ಒಳಗೆ ಗುಲಾಬಿ ಬಣ್ಣ ಕಂಡಿತು. ಉಪ್ಪುನೀರಿನಲ್ಲಿ ಹಿತ್ತಾಳೆಯೊಳಗಿನ ಸತು ಕರಗಿ, ಬರೀ ತಾಮ್ರದ ಜಾಳು ಉಳಿದಿದೆ ಎಂದರ್ಥ. ಅದನ್ನು ತೆಗೆದು ಕಂಚಿನದ್ದು ಹಾಕಿದೆವು. ಪ್ರತಿ ಕವಾಟದ ಪಕ್ಕದಲ್ಲೂ ಒಂದೊಂದು ಮೆತ್ತನೆಯ ಮರದ ಬೆಣೆ ಕಟ್ಟಿಟ್ಟೆವು. ಏನಾದರೂ ಆದರೆ ತೂತಿಗೆ ಬಡಿಯಲು.

ಅಕ್ಟೋಬರಿನಲ್ಲಿ ದೋಣಿ ಮಾಂಡೋವಿಗೆ ಇಳಿಯಿತು. ಎಂಜಿನ್ ಶುರು ಮಾಡಿದಾಗ, ಪ್ರೊಪೆಲರ್ ಶಾಫ್ಟು ಹೊರಹೋಗುವ ಗ್ಲ್ಯಾಂಡಿನಿಂದ ಹನಿ ತೊಟ್ಟಿಕ್ಕತೊಡಗಿತು. ನಾನು ಸ್ಪ್ಯಾನರ್ ಎತ್ತಿಕೊಂಡೆ. ಮೇಸ್ತ್ರಿ ಕೈ ಹಿಡಿದರು. ಆ ಹಳೆಯ ಬಗೆಯ ಗ್ಲ್ಯಾಂಡಿನಲ್ಲಿ ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ಬರಲೇಬೇಕು. ಆ ನೀರೇ ಅದನ್ನು ತಣ್ಣಗಿಡುವುದು. ಪೂರ್ತಿ ಬಿಗಿದರೆ ಒಳಗಿನ ಪ್ಯಾಕಿಂಗ್ ಸುಟ್ಟು ಶಾಫ್ಟು ಸವೆಯುತ್ತದೆ. ಅಪ್ಪಯ್ಯನ ಬೋಟಿನಲ್ಲೂ ಹಾಗೇ ಇತ್ತು, ಚಿಕ್ಕವನಿದ್ದಾಗ ನೋಡಿದ್ದೆ. ನಿಲ್ಲಿಸಬೇಕಾದ ಸೋರಿಕೆ ಯಾವುದು, ಬಿಡಬೇಕಾದದ್ದು ಯಾವುದು ಎಂಬುದೂ ಕಲಿಯಬೇಕಾದ ಪಾಠವೇ.

ಅರ್ಧ ಮಗ್ ನೀರು

ನಾನು ಈಗಲೂ ಅದೇ ಯಾರ್ಡಿನಲ್ಲಿದ್ದೇನೆ. ಕೆಲಸ ಕಾಯಂ ಆಗಿದೆ. ಸಂಬಳ ಬೆಂಗಳೂರಿನ ಗೆಳೆಯರಿಗಿಂತ ಕಡಿಮೆ. ಫ್ಯಾನಿನ ಕೆಳಗೆ ಕೂರುವ ಕೆಲಸವಂತೂ ಅಲ್ಲ. ಅಪ್ಪಯ್ಯ ಈಗ ಆ ಮಾತು ಎತ್ತುವುದಿಲ್ಲ. ಬದಲಿಗೆ ‘ಇವತ್ತ್ ಎಂತ ಬಿಚ್ಚಿದ್ರಿ?’ ಎಂದು ಕೇಳುತ್ತಾರೆ.

ಪೀಣ್ಯದ ಆ ಎರಡು ವರ್ಷಗಳ ಬಗ್ಗೆ ಆಗಾಗ ಯೋಚಿಸುತ್ತೇನೆ. ನನ್ನ ಇಂಗ್ಲಿಷ್ ಕಿಟಕಿಯ ಮೂಲೆಯ ಕಲೆಯಾಗಿತ್ತು. ಅದರ ಮೇಲೆ ಆರು ಸಾವಿರ ರೂಪಾಯಿಯ ಸಿಲಿಕೋನ್ ಬಳಿದೆ. ತೂತು ಇದ್ದದ್ದು ‘ಗೊತ್ತು ಸರ್’ ಎನ್ನುವಲ್ಲಿ. ಎಷ್ಟು ಕಡೆ ರಿಜೆಕ್ಟ್ ಆದರೂ ಒಬ್ಬರ ಹತ್ತಿರವೂ ‘ನಾನು ಎಲ್ಲಿ ತಪ್ಪಿದೆ ಸರ್?’ ಎಂದು ಕೇಳಿರಲಿಲ್ಲ. ನಿಮ್ಮ ತೂತು ಎಲ್ಲಿದೆಯೋ ನಾನು ಹೇಳಲಾರೆ. ಕೆಳಗಿನಿಂದ ಶುರು ಮಾಡಿ, ಒಂದೊಂದನ್ನೇ ನೋಡುತ್ತಾ ಹೋದರೆ ಸಿಗುತ್ತದೆ ಎಂಬುದಷ್ಟೇ ಗೊತ್ತು. ಪೈಪು ಹಿಡಿಯಲು ಹೊರಗೆ ಇನ್ನೊಬ್ಬರು ಬೇಕಾಗುತ್ತದೆ.

ಡಿಸೆಂಬರಿನಲ್ಲಿ ಮೊಮ್ಮಗಳು ಬಂದಳು. ಹೊರಡುವ ಹಿಂದಿನ ರಾತ್ರಿ ಅಕಾಲದಲ್ಲಿ ಒಂದು ಮಳೆ ಸುರಿದಿತ್ತು. ಕ್ಯಾಪ್ಟನ್ ಸರ್ ನನ್ನನ್ನೂ ಬಾ ಎಂದಿದ್ದರು. ಮೊದಲು ನಾನೇ ಒಳಗಿಳಿದೆ. ಹಾಸಿಗೆ ಒಣಗಿತ್ತು. ಕೆಳಗಿನ ಪೆಟ್ಟಿಗೆಯಲ್ಲಿ ಹೊಸದೊಂದು ನೋಟ್‌ಬುಕ್ ಇತ್ತು, ಅದೂ ಒಣಗಿತ್ತು. ದೋಣಿಯ ತಳದ ಗುಂಡಿಯಲ್ಲಿ ಮಾತ್ರ ಅರ್ಧ ಮಗ್‌ನಷ್ಟು ನೀರು. ಡೀಸೆಲ್ ವಾಸನೆ ಇಲ್ಲ, ಟಾಯ್ಲೆಟ್ಟಿನ ಪೈಪು ಆ ಕಡೆ ಇಲ್ಲ ಎಂದು ಖಚಿತ ಮಾಡಿಕೊಂಡು ಒಂದು ಹನಿ ನಾಲಿಗೆಗೆ ಮುಟ್ಟಿಸಿದೆ.

ಮೇಲಿನಿಂದ ಕ್ಯಾಪ್ಟನ್ ಸರ್ ಕೇಳಿದರು: ‘ಎಲ್ಲಾ ಸರಿ ಇದೆಯಾ?’

‘ಅರ್ಧ ಮಗ್ ನೀರಿದೆ ಸರ್. ಸಪ್ಪೆ, ಸಮುದ್ರದ್ದಲ್ಲ. ಹಾಯಿಯ ಹಗ್ಗ ಹೋಗುವ ಕಿಂಡಿಯಿಂದ ಕೂವೆಯ ಒಳಗೆ ಇಳಿದ ಮಳೆ. ಅದನ್ನು ನಿಲ್ಲಿಸೋಕೆ ಆಗಲ್ಲ, ಬಂದದ್ದನ್ನು ಒರೆಸಬೇಕು ಅಷ್ಟೇ’ ಎಂದೆ.

‘ಹಾಗಾದರೆ ಹೊರಡೋಣ’ ಎಂದರು. ನಾನು ಬಟ್ಟೆ ಹುಡುಕಿ ಒರೆಸತೊಡಗಿದೆ.